ಸೌಂದರ್ಯಕ್ಕೆ ಅಂತ ಮೆದುಳಿನಲ್ಲಿ ಒಂದು ಜಾಗ ಇದೆಯಾ?

ನೀವು ಕೇಳಿದ್ದು ಇಷ್ಟು: ಮೆದುಳಿನಲ್ಲಿ ಸೌಂದರ್ಯಕ್ಕೇ ಅಂತ ಒಂದು ಜಾಗ ಇದೆ, ಸ್ಕ್ಯಾನ್ ಮಾಡಿದರೆ ಕಾಣುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ, ನಿಜಾನಾ? ಹಾಗಿದ್ದರೆ ನನ್ನನ್ನು ಮರುಳು ಮಾಡುವ ಚಿತ್ರ ನನ್ನ ಗೆಳೆಯನಿಗೆ ಯಾಕೆ ಬೋರು?

ಅರ್ಧ ನಿಜ. ಆ ಅರ್ಧವನ್ನೇ ಮೊದಲು ಹೇಳಿಬಿಡುತ್ತೇನೆ.

ವಿಡಿಯೋದವರು ನೆಚ್ಚಿಕೊಂಡಿದ್ದು ಬಹುಶಃ ಸೆಮೀರ್ ಜೆಕಿ ಅವರ ಕೆಲಸ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ನರವಿಜ್ಞಾನಿ. ಕಲೆ, ಸೌಂದರ್ಯ ನೋಡುವಾಗ ಮೆದುಳಿನಲ್ಲಿ ಏನಾಗುತ್ತದೆ ಅಂತ ಹುಡುಕುವ ಕ್ಷೇತ್ರಕ್ಕೆ ‘ನ್ಯೂರೋಎಸ್ತೆಟಿಕ್ಸ್’ ಅನ್ನುವ ಹೆಸರು ಚಾಲ್ತಿಗೆ ಬಂದಿದ್ದೇ ಅವರಿಂದ. 2004ರಲ್ಲಿ ಅವರೂ ಕವಬಾತಾ ಅನ್ನುವವರೂ ಸೇರಿ 10 ಜನರಿಗೆ ಬೇಕಾದಷ್ಟು ಚಿತ್ರ ತೋರಿಸಿದರು. ಯಾವುದು ಚಂದ, ಯಾವುದು ಕೆಟ್ಟದು, ಯಾವುದು ಎರಡೂ ಅಲ್ಲ ಅಂತ ಅವರಿಂದಲೇ ಮೊದಲು ಹೇಳಿಸಿಕೊಂಡು, ಆಮೇಲೆ ಅದೇ ಚಿತ್ರಗಳನ್ನು ಎಂಆರ್‌ಐ ಸ್ಕ್ಯಾನರ್ ಒಳಗೆ ತೋರಿಸಿದರು. ಚಂದ ಅಂದಿದ್ದ ಚಿತ್ರ ಬಂದಾಗ ಕಣ್ಣುಗುಡ್ಡೆಗಳ ಮೇಲ್ಭಾಗದಲ್ಲಿ, ಹಣೆಯ ಹಿಂದೆ ಇರುವ ಆರ್ಬಿಟೋಫ್ರಾಂಟಲ್ ಕಾರ್ಟೆಕ್ಸ್ ಜಾಸ್ತಿ ಚುರುಕಾಗುತ್ತಿತ್ತು. 2011ರಲ್ಲಿ 21 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಚಿತ್ರಕ್ಕೂ ಸಂಗೀತಕ್ಕೂ ಅದೇ ಜಾಗದ ಒಂದು ಭಾಗ ಸ್ಪಂದಿಸಿತು. 2014ರಲ್ಲಿ 15 ಗಣಿತಜ್ಞರಿಗೆ 60 ಸೂತ್ರಗಳನ್ನು ತೋರಿಸಿದಾಗಲೂ ಅದೇ ಕಥೆ. (ಅಲ್ಲಿ ಅತಿ ಚಂದ ಅನ್ನಿಸಿಕೊಂಡಿದ್ದು ಆಯ್ಲರ್ ಸಮೀಕರಣ. ಕೊನೇ ಸ್ಥಾನ ಸಿಕ್ಕಿದ್ದು ರಾಮಾನುಜನ್ ಅವರ 1/π ಶ್ರೇಣಿಗೆ! ನನಗಂತೂ ಈಗಲೂ ಸ್ವಲ್ಪ ಸಿಟ್ಟಿದೆ.)

ಇನ್ನರ್ಧ ಈಗ. ಅದೇ ಜಾಗ ಒಳ್ಳೇ ಊಟಕ್ಕೂ ಚುರುಕಾಗುತ್ತದೆ. ದುಡ್ಡು ಸಿಕ್ಕರೂ ಆಗುತ್ತದೆ. ಒಳ್ಳೇ ಪರಿಮಳಕ್ಕೂ ಆಗುತ್ತದೆ. ಅಂದರೆ ಅದು ಸೌಂದರ್ಯದ ಕೋಣೆ ಅಲ್ಲ, ‘ಇದು ನನಗೆ ಬೇಕಾದದ್ದು’ ಅಂತ ಬೆಲೆ ಕಟ್ಟುವ ಕಡೆ. ಹೊಗೆ ಕಂಡರೆ ಒಲೆ ಉರಿಯುತ್ತಿದೆ ಅಂತ ಹೇಳಬಹುದು, ಪಾತ್ರೆಯಲ್ಲಿ ಏನು ಬೇಯುತ್ತಿದೆ ಅಂತ ಹೇಳಲಾಗುವುದಿಲ್ಲ, ಅಲ್ವಾ?

ಜೊತೆಗೆ ಸ್ಕ್ಯಾನರ್ ಯೋಚನೆಯನ್ನು ನೋಡುವುದಿಲ್ಲ. ಆಮ್ಲಜನಕ ಹೊತ್ತ ರಕ್ತ ಎಲ್ಲಿ ಹೆಚ್ಚಾಯಿತು ಅಂತ ನೋಡುತ್ತದೆ, ಅದೂ ಐದಾರು ಸೆಕೆಂಡು ತಡವಾಗಿ. ನಾನೊಮ್ಮೆ ಬೆನ್ನುನೋವಿಗೆ ಎಂಆರ್‌ಐ ಮಾಡಿಸಿಕೊಂಡಿದ್ದೆ. ಕೊಳವೆಯೊಳಗೆ ಅಲ್ಲಾಡದೆ ಮಲಗಬೇಕು, ಕಿವಿಯ ಪಕ್ಕದಲ್ಲೇ ಯಾರೋ ತಗಡು ಬಡಿಯುತ್ತಿರುವ ಹಾಗೆ ಸದ್ದು. ಆ ಸ್ಥಿತಿಯಲ್ಲಿ ಕೆಲವೇ ಸೆಕೆಂಡು ಒಂದು ಚಿತ್ರ ನೋಡಿ ‘ಆಹಾ’ ಅನ್ನಬೇಕು! ಇನ್ನು ಸ್ಕ್ಯಾನರ್ ಕೊಟ್ಟ ಅಂಕಿಅಂಶಗಳ ಲೆಕ್ಕ ಹಾಕುವಾಗ ಎಚ್ಚರಿಕೆ ವಹಿಸದಿದ್ದರೆ ಏನಾಗುತ್ತದೆ ಅಂತ ತೋರಿಸಲು 2009ರಲ್ಲಿ ಕೆಲವರು ಸತ್ತ ಸಾಲ್ಮನ್ ಮೀನನ್ನೇ ಸ್ಕ್ಯಾನರ್‌ನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಮೀನಿನ ಮೆದುಳಲ್ಲೂ ‘ಚಟುವಟಿಕೆ’ ಕಂಡಿತು.

ಹಾಗಂತ ಇಡೀ ಕ್ಷೇತ್ರವೇ ಸುಮ್ನೆ ಅಂದುಕೊಳ್ಳಬೇಡಿ. ನನ್ನನ್ನು ಕೇಳಿದರೆ, ಬಣ್ಣಬಣ್ಣದ ಮೆದುಳಿನ ಚಿತ್ರಗಳಿಗಿಂತ ಕಣ್ಣು ಹೇಗೆ ನೋಡುತ್ತದೆ ಅನ್ನುವ ಸಂಶೋಧನೆ ಹೆಚ್ಚು ಗಟ್ಟಿ. ನೀವೇ ಪರೀಕ್ಷೆ ಮಾಡಬಹುದು. ಕೈಯನ್ನು ಉದ್ದಕ್ಕೆ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ನೀವು ಒಂದು ಸಲಕ್ಕೆ ನಿಜವಾಗಿ ಸ್ಪಷ್ಟವಾಗಿ ನೋಡುವುದು ಹೆಚ್ಚುಕಮ್ಮಿ ಅಷ್ಟೇ ಅಗಲ. ಸುತ್ತಲಿನದೆಲ್ಲ ಮಸುಕು. ಕಣ್ಣು ಸೆಕೆಂಡಿಗೆ ಮೂರರಷ್ಟು ಸಲ ಹಾರಿ ಹಾರಿ ತುಣುಕು ತರುತ್ತದೆ, ಮೆದುಳು ಹೊಲಿಗೆ ಹಾಕುತ್ತದೆ.

ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನೇ ಹಿಡಿದು ಮೋನಾಲಿಸಾಳ ನಗುವಿನ ಗುಟ್ಟು ವಿವರಿಸಿದರು. ಅವಳ ನಗು ಇರುವುದು ಹೆಚ್ಚಾಗಿ ಕೆನ್ನೆಯ ಮಸುಕು ನೆರಳುಗಳಲ್ಲಿ. ಅವಳ ಕಣ್ಣನ್ನು ನೋಡುತ್ತಿರುವಾಗ ತುಟಿ ನಮ್ಮ ಓರೆನೋಟಕ್ಕೆ ಬೀಳುತ್ತದೆ. ಓರೆನೋಟಕ್ಕೆ ಮಸುಕೇ ಚೆನ್ನಾಗಿ ಸಿಗುವುದು, ಹಾಗಾಗಿ ನಗುತ್ತಾಳೆ. ತುಟಿಯನ್ನೇ ನೇರ ದಿಟ್ಟಿಸಿದರೆ ಸೂಕ್ಷ್ಮ ಗೆರೆಗಳು ಮುಂದೆ ಬರುತ್ತವೆ, ನಗು ಜಾರಿಹೋಗುತ್ತದೆ.

ಇದಕ್ಕಿಂತ ನನಗಿಷ್ಟ ಅವರು ತೋರಿಸಿದ ಇನ್ನೊಂದು ಉದಾಹರಣೆ. ಫ್ರಾನ್ಸಿನ ಚಿತ್ರಕಾರ ಮೋನೆ 1872ರಲ್ಲಿ ಬರೆದ ಸೂರ್ಯೋದಯದ ಚಿತ್ರವನ್ನು ಫೋನಿನಲ್ಲಿ ತೆಗೆದು ಕಪ್ಪುಬಿಳುಪು ಮಾಡಿ. ಅಷ್ಟು ಕೆಂಪಗೆ ಹೊಳೆಯುತ್ತಿದ್ದ ಸೂರ್ಯ ಹೆಚ್ಚುಕಡಿಮೆ ಮಾಯ! ಸುತ್ತಲಿನ ಬೂದು ಆಕಾಶದಷ್ಟೇ ಅದರ ಬೆಳಕು, ಬಣ್ಣ ಮಾತ್ರ ಬೇರೆ. ನಮ್ಮ ಮೆದುಳಿನಲ್ಲಿ ‘ಎಲ್ಲಿದೆ’ ಅಂತ ಹುಡುಕುವ ವ್ಯವಸ್ಥೆಗೆ ಬಣ್ಣ ಗೊತ್ತಾಗುವುದಿಲ್ಲ, ಬೆಳಕಿನ ಹೆಚ್ಚುಕಮ್ಮಿ ಮಾತ್ರ ಗೊತ್ತು. ‘ಏನಿದು’ ಅಂತ ಗುರುತಿಸುವ ವ್ಯವಸ್ಥೆಗೆ ಬಣ್ಣವೂ ಕಾಣುತ್ತದೆ. ಒಂದಕ್ಕೆ ಸೂರ್ಯ ಕಾಣುತ್ತಾನೆ, ಇನ್ನೊಂದಕ್ಕೆ ಕಾಣುವುದಿಲ್ಲ. ಅದಕ್ಕೇ ಅವನು ಒಂದು ಕಡೆ ನಿಲ್ಲದೆ ಮಿಡಿಯುವ ಹಾಗೆ ತೋರುವುದು. ಮೋನೆಗೆ ನರವಿಜ್ಞಾನ ಗೊತ್ತಿರಲಿಲ್ಲ, ನೋಡಿ ನೋಡಿ ಕೈ ಪಳಗಿತ್ತು ಅಷ್ಟೇ.

ಇನ್ನು ನಿಮ್ಮ ಗೆಳೆಯನ ವಿಷಯ. ಇಲ್ಲಿಯವರೆಗೆ ಹೇಳಿದ ಕಣ್ಣಿನ ಆಟ ನಿಮಗೂ ಅವರಿಗೂ ಒಂದೇ. ರುಚಿ ಮಾತ್ರ ಒಂದೇ ಅಲ್ಲ. 2012ರಲ್ಲಿ ವೆಸೆಲ್, ಸ್ಟಾರ್, ರೂಬಿನ್ ಅನ್ನುವ ಮೂವರು 16 ಜನರಿಗೆ 109 ಕಲಾಕೃತಿಗಳನ್ನು ತೋರಿಸಿ, ಎಷ್ಟು ತಟ್ಟಿತು ಅಂತ 1ರಿಂದ 4ರವರೆಗೆ ಅಂಕ ಕೇಳಿದರು. ಒಬ್ಬರ ಅಂಕಕ್ಕೂ ಇನ್ನೊಬ್ಬರ ಅಂಕಕ್ಕೂ ಹೊಂದಾಣಿಕೆ ತೀರಾ ಕಮ್ಮಿ. ಆದರೆ 4 ಕೊಟ್ಟ ಚಿತ್ರಗಳಲ್ಲಿ ಒಂದು ವಿಚಿತ್ರ ಕಂಡಿತು. ಡೀಫಾಲ್ಟ್ ಮೋಡ್ ಜಾಲ ಅಂತ ಒಂದಿದೆ. ನಾವು ನಮ್ಮ ಬಗ್ಗೆಯೇ ಯೋಚಿಸುವಾಗ, ಹಳೇ ನೆನಪು ಕೆದಕುವಾಗ ಕೆಲಸ ಮಾಡುವಂಥದ್ದು. ಹೊರಗಿನ ವಸ್ತುವನ್ನು ಗಮನವಿಟ್ಟು ನೋಡುವಾಗ ಸಾಮಾನ್ಯವಾಗಿ ತಣ್ಣಗಿರುತ್ತದೆ. 1, 2, 3 ಕೊಟ್ಟ ಚಿತ್ರಗಳಿಗೆ ಹಾಗೇ ತಣ್ಣಗಿದ್ದ ಅದು 4ಕ್ಕೆ ಬಂದಾಗ ಎದ್ದು ಕೂತಿತು. ಇಷ್ಟಿಷ್ಟೇ ಏರಲಿಲ್ಲ, ಒಂದೇ ಮೆಟ್ಟಿಲಿಗೆ ಹಾರಿತು.

ಅಂದರೆ ತುಂಬ ತಟ್ಟುವ ಚಿತ್ರ ನಿಮ್ಮ ಸ್ವಂತ ನೆನಪು, ಅನುಭವಗಳಿಗೂ ಎಲ್ಲೋ ಕೈಹಾಕುತ್ತಿರಬೇಕು ಅಂತ ಆ ಸಂಶೋಧಕರ ಊಹೆ. ನನಗೂ ಅದು ಸರಿ ಅನ್ನಿಸುತ್ತದೆ. ನಿಮ್ಮ ಗೆಳೆಯನ ನೆನಪು, ಅನುಭವ ಬೇರೆ.

ಬೇಕಾದರೆ ಮನೆಯಲ್ಲೇ ಮಾಡಿ ನೋಡಿ. ಕೆಲವು ಮುಖಗಳ, ಬೆಟ್ಟ ನದಿಗಳ ಫೋಟೋ, ಕೆಲವು ಚಿತ್ರಕಲೆ ಸೇರಿಸಿ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಅಂಕ ಬರೆಯಿರಿ. ಫೋಟೋಗಳಿಗೆ ನಿಮ್ಮಿಬ್ಬರ ಅಂಕ ಹತ್ತಿರ ಹತ್ತಿರ ಬರುವ ಸಾಧ್ಯತೆ ಜಾಸ್ತಿ. ಜಗಳ ಶುರುವಾಗುವುದು ಚಿತ್ರಕಲೆಗೆ ಬಂದಾಗ.