ಯೂರಿಯಾ ಚೀಲ ಯಾವ ಖಾತೆಗೆ?

ಲೇಖಕಿಯವರಿಗೆ ನಮಸ್ಕಾರ.

ಪುಣೆಯಿಂದ ನೀವು ಕಳಿಸಿದ ‘ಕೃಷಿ, ಆಹಾರ, ಹವಾಮಾನ: ಭಾರತಕ್ಕೆ ಎಷ್ಟು ಅಂಕ?’ ಲೇಖನವನ್ನು ಇಲ್ಲಿ ಮುಂಬಯಿಯಲ್ಲಿ ನಾವಿಬ್ಬರು ಸಂಪಾದಕರೂ ಎರಡೆರಡು ಸಲ ಓದಿದೆವು. ಈಗಿನ ರೂಪದಲ್ಲಿ ಹಾಕಲು ಬರುವುದಿಲ್ಲ. ಆದರೆ ಕೈಬಿಡಲು ಮನಸ್ಸೂ ಇಲ್ಲ. ಕನ್ನಡದಲ್ಲಿ ಈ ವಿಷಯ ಮುಟ್ಟುವವರು ಕಡಿಮೆ, ನಿಮಗೆ ಅದರ ಬಗ್ಗೆ ನಿಜವಾದ ಕಾಳಜಿ ಇದೆ. ಹಾಗಾಗಿ ತಪ್ಪಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ನೀವು ಸರ್ಕಾರದ ಎಂಟು ಯೋಜನೆಗಳನ್ನು ತೆಗೆದುಕೊಂಡು, ಒಂದೊಂದಕ್ಕೆ ಒಂದು ಪ್ಯಾರಾ ಬರೆದು, ಕೊನೆಗೆ ದೇಶಕ್ಕೆ ಹತ್ತಕ್ಕೆ ಆರು ಅಂಕ ಹಾಕಿದ್ದೀರಿ. ಆರೇ ಏಕೆ, ನಾಲ್ಕು ಏಕಲ್ಲ ಎಂದು ಓದುಗ ಕೇಳಿದರೆ ಲೇಖನದಲ್ಲಿ ಉತ್ತರವಿಲ್ಲ. ನೀವು ತೂಗಿರುವುದು ಘೋಷಣೆಗಳನ್ನು, ಕೆಲಸವನ್ನಲ್ಲ.

ಮೊದಲು ಒಂದು ಗಂಭೀರ ತಪ್ಪು. ‘2030ರೊಳಗೆ ಭಾರತ ತನ್ನ ಹೊರಸೂಸುವಿಕೆಯನ್ನು ಶೇ 45ರಷ್ಟು ಇಳಿಸಲಿದೆ’ ಎಂದಿದ್ದೀರಿ. ಹಾಗಲ್ಲ. 2022ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ಪರಿಷ್ಕೃತ ಬದ್ಧತೆಯಲ್ಲಿರುವುದು ಜಿಡಿಪಿಯ ಪ್ರತಿ ರೂಪಾಯಿಗೆ ಭೂಮಿಯ ತಾಪ ಏರಿಸುವ ಅನಿಲ ಎಷ್ಟು ಹೊರಬೀಳುತ್ತದೆ ಎಂಬ ಲೆಕ್ಕ. ಅದನ್ನು 2005ರ ಮಟ್ಟದಿಂದ ಶೇ 45 ತಗ್ಗಿಸುತ್ತೇವೆ ಎನ್ನುವುದು ಮಾತು. ಒಟ್ಟು ಅನಿಲ ಏರುತ್ತಲೇ ಹೋದರೂ ಈ ಗುರಿ ಮುಟ್ಟಬಹುದು. ಅದಕ್ಕಿಂತ ಮುಖ್ಯ, ಆ ಬದ್ಧತೆಯಲ್ಲಿ ಕೃಷಿಯ ಅನಿಲ ಇಷ್ಟು ಇಳಿಯಬೇಕು ಎಂಬ ಅಂಕಿಯೇ ಇಲ್ಲ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಹೊರಟ, ದನ, ಗದ್ದೆಗಳಿಂದಲೂ ಏಳುವ ಮೀಥೇನ್ ಅನಿಲವನ್ನು ತಗ್ಗಿಸುವ ಜಾಗತಿಕ ಪ್ರತಿಜ್ಞೆಗೂ ಭಾರತ ಸೇರಲಿಲ್ಲ. ಎರಡು ಎಮ್ಮೆ, ಅರ್ಧ ಎಕರೆ ಗದ್ದೆ ಇರುವವರ ಹೊಟ್ಟೆಪಾಡಿನ ಅನಿಲವನ್ನು ಸಿರಿವಂತ ದೇಶಗಳ ಅನಿಲದ ಜೊತೆ ತೂಗಬೇಡಿ ಎನ್ನುವುದು ಸರ್ಕಾರದ ವಾದದ ಸಾರ. ಅದನ್ನು ಒಪ್ಪಿ, ಬಿಡಿ; ಆದರೆ ಲೇಖನದಲ್ಲಿ ಹೇಳಲೇಬೇಕು.

ಎರಡನೆಯದು, ಪಾಲಿನ ಲೆಕ್ಕ. ಸರ್ಕಾರದ್ದೇ ವರದಿಗಳ ಪ್ರಕಾರ ಹೊರಸೂಸುವಿಕೆಯಲ್ಲಿ ಕೃಷಿಯ ಪಾಲು 2016ರಲ್ಲಿ ಶೇ 14.37 ಇತ್ತು, 2020ರಲ್ಲಿ ಶೇ 13.72. ‘ಇಳಿಕೆ ಶುರುವಾಗಿದೆ’ ಎಂದು ನೀವು ಹಿಗ್ಗಿದ್ದೀರಿ. ಮೊತ್ತವನ್ನು ಪಕ್ಕದಲ್ಲಿಟ್ಟು ನೋಡಿ. ಎಲ್ಲ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತಂದರೆ 2016ರ ಒಟ್ಟು ಸುಮಾರು 283.9 ಕೋಟಿ ಟನ್, 2020ರದ್ದು 295.9 ಕೋಟಿ ಟನ್. ಗುಣಿಸಿದರೆ ಕೃಷಿಯದು ಸುಮಾರು 40.8 ಕೋಟಿ ಟನ್ ಇದ್ದದ್ದು 40.6 ಕೋಟಿ ಟನ್ ಆಗಿದೆ, ಅಂದರೆ ನಿಂತಲ್ಲೇ ನಿಂತಿದೆ. ಪಾಲು ಇಳಿದದ್ದು ಹೆಚ್ಚಾಗಿ ಒಟ್ಟು ಮೊತ್ತ ಏರಿದ್ದರಿಂದ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ನಿಮ್ಮ ಶೀರ್ಷಿಕೆಯಲ್ಲಿ ‘ಆಹಾರ’ ಇದೆ, ಲೆಕ್ಕದಲ್ಲಿ ಇಲ್ಲ. ಹೊರಸೂಸುವಿಕೆಯ ಸರ್ಕಾರಿ ಪಟ್ಟಿಯ ‘ಕೃಷಿ’ ಖಾತೆಯಲ್ಲಿ ಬರುವುದು ಮುಖ್ಯವಾಗಿ ದನ ಮೆಲುಕು ಹಾಕುವಾಗ ಬರುವ ಮೀಥೇನ್, ಭತ್ತದ ಗದ್ದೆ, ಸಗಣಿ, ಗೊಬ್ಬರ ಬಿದ್ದ ಮಣ್ಣು, ಸುಟ್ಟ ಕೂಳೆ, ಕಬ್ಬಿನ ರವದಿ. ಬಾವಿಯ ಪಂಪಿನ ಕರೆಂಟು ಇಂಧನದ ಖಾತೆಗೆ ಹೋಗುತ್ತದೆ. ನಿಮ್ಮ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಟೊಮೆಟೊ ತರುವ ಟೆಂಪೊದ ಡೀಸೆಲ್ಲೂ ಅಲ್ಲಿಗೇ. ಮಾರಾಟವಾಗದೆ ಕೊಳೆತು ಕಸದ ಗುಡ್ಡ ಸೇರಿದ ಸೊಪ್ಪಿನ ಮೀಥೇನ್ ತ್ಯಾಜ್ಯದ ಖಾತೆಗೆ. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಆಹಾರ ವ್ಯವಸ್ಥೆಯ ಪಾಲು ಶೇ 21ರಿಂದ 37 ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ 2019ರ ವರದಿ ಅಂದಾಜು ಮಾಡಿದ್ದು ಈ ಚದುರಿದ ಖಾತೆಗಳನ್ನೆಲ್ಲ ಒಟ್ಟು ಮಾಡಿಯೇ.

ಓದುಗರಿಗೆ ಇದು ಮನಸ್ಸಿಗಿಳಿಯಬೇಕಾದರೆ ಒಂದು ಯೂರಿಯಾ ಚೀಲವನ್ನು ಹಿಂಬಾಲಿಸಿ. ಚೀಲ 45 ಕಿಲೋ, ಅದರಲ್ಲಿ ಸಾರಜನಕ ಶೇ 46, ಅಂದರೆ 20.7 ಕಿಲೋ. ನೀರು ನಿಲ್ಲದ ಹೊಲಕ್ಕೆ ಹಾಕಿದರೆ ಐಪಿಸಿಸಿಯ ಸಾಮಾನ್ಯ ಸೂತ್ರದಂತೆ ಅದರ ಶೇ 1 ನೈಟ್ರಸ್ ಆಕ್ಸೈಡಿನ ಸಾರಜನಕವಾಗಿ ಮೇಲೆ ಹೋಗುತ್ತದೆ: 0.207 ಕಿಲೋ. ಅದನ್ನು 44/28ರಿಂದ, ಅಂದರೆ ನೈಟ್ರಸ್ ಆಕ್ಸೈಡಿಗೂ ಅದರೊಳಗಿನ ಸಾರಜನಕಕ್ಕೂ ಇರುವ ತೂಕದ ಅನುಪಾತದಿಂದ, ಗುಣಿಸಿದರೆ ಅನಿಲದ ತೂಕ ಸುಮಾರು 0.325 ಕಿಲೋ. ತಾಪದ ಲೆಕ್ಕದಲ್ಲಿ ಒಂದು ಕಿಲೋ ನೈಟ್ರಸ್ ಆಕ್ಸೈಡ್ 265 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ಹಾಗಾಗಿ ಸುಮಾರು 86 ಕಿಲೋ. ಯೂರಿಯಾ ಮಣ್ಣಿನಲ್ಲಿ ಒಡೆದಾಗ ಬರುವ ಇಂಗಾಲದ ಡೈಆಕ್ಸೈಡ್ ಬೇರೆ 33 ಕಿಲೋ. ಇದಿಷ್ಟು ಹೊಲದ್ದು. ಅದೇ ಚೀಲ ರಾಯಗಡ ಜಿಲ್ಲೆಯ ಥಳ್‌ನಂಥ ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲದಿಂದ ತಯಾರಾಗುವಾಗ ಹೊರಟದ್ದು ಇಂಧನ, ಉದ್ಯಮಗಳ ಖಾತೆಗೆ ಹೋಯಿತು. ಬೇವು ಲೇಪಿತ ಯೂರಿಯಾವನ್ನು 2015ರಲ್ಲಿ ಕಡ್ಡಾಯ ಮಾಡಿದ್ದನ್ನು, 2018ರಲ್ಲಿ ಚೀಲವನ್ನು 50ರಿಂದ 45 ಕಿಲೋಗೆ ಇಳಿಸಿದ್ದನ್ನು ನೀವು ‘ಸಾಧನೆ’ ಎಂದು ಬರೆದಿದ್ದೀರಿ. ಎಕರೆಗೆ ಬೀಳುವ ಸಾರಜನಕ ಇಳಿಯಿತೇ ಎನ್ನುವುದು ಪ್ರಶ್ನೆ. ಚೀಲ ಚಿಕ್ಕದಾದರೆ ರೈತ ಇನ್ನೊಂದು ಚೀಲ ತರಬಹುದು, ಬೆಲೆ ಚೀಲಕ್ಕೆ 242 ರೂಪಾಯಿ ಮಾತ್ರ, ತೆರಿಗೆ ಮತ್ತು ಬೇವಿನ ಲೇಪನದ ಶುಲ್ಕ ಬೇರೆ.

ಭತ್ತದ ಭಾಗ ನಮಗೆ ಹೆಚ್ಚು ನೋವು ತಂದಿತು, ಏಕೆಂದರೆ ಅಲ್ಲಿ ನಿಮ್ಮ ವಿವರಣೆ ಚೆನ್ನಾಗಿದೆ, ಜಾಗ ತಪ್ಪಿದೆ. ಮೀಥೇನ್ ತಗ್ಗಿಸಲೆಂದು ಗದ್ದೆಗೆ ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟುವ ಪದ್ಧತಿಯನ್ನು ಕೊಂಕಣಕ್ಕೂ ಗೋವಾಕ್ಕೂ ಶಿಫಾರಸು ಮಾಡಿದ್ದೀರಿ. ಆ ಪದ್ಧತಿ ನಡೆಯುವುದು ಹೀಗೆ: ತೂತು ಕೊರೆದ 30 ಸೆಂ.ಮೀ. ಪೈಪನ್ನು 20 ಸೆಂ.ಮೀ. ಹೂಳಬೇಕು, ಒಳಗಿನ ಮಣ್ಣು ತೆಗೆಯಬೇಕು, ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನೀರು ನಿಲ್ಲಿಸಬೇಕು, ಹೂ ಬಿಡುವ ಒಂದು ವಾರ ಮುಂಚಿನಿಂದ ಒಂದು ವಾರ ನಂತರದವರೆಗೆ ಆರಲು ಬಿಡಬಾರದು. ನೀರಿನ ಕೀಲಿ ರೈತನ ಕೈಯಲ್ಲಿದ್ದರೆ ಮಾತ್ರ ಇದು ಸಾಧ್ಯ. ಜುಲೈ ಮಳೆಯಲ್ಲಿ ರತ್ನಾಗಿರಿಯ ಗದ್ದೆಯನ್ನು ಆರಿಸುವವರು ಯಾರು? ಗೋವಾದ ಖಾಜನ್ ಗದ್ದೆಗಳಲ್ಲಿ (ಹಿನ್ನೀರಿನ ಅಂಚಿನಲ್ಲಿ ಒಡ್ಡು ಕಟ್ಟಿ ಮಾಡಿದ ತಗ್ಗು ಗದ್ದೆಗಳು) ನೀರು ಆಡುವುದು ಉಬ್ಬರ–ಇಳಿತ ಮತ್ತು ತೂಬಿನ ಬಾಗಿಲಿನ ಮೇಲೆ. ಅಲ್ಲಿ ದೊಡ್ಡ ಚಿಂತೆ ಉಪ್ಪುನೀರಿನದು. ಮೇಲಾಗಿ ಮಳೆಯಾಶ್ರಿತ ಗದ್ದೆಗೆ ಐಪಿಸಿಸಿಯ ಮೀಥೇನ್ ಸೂತ್ರದಲ್ಲೇ ಕಡಿಮೆ ಗುಣಕ, 0.54. ಸದಾ ನೀರು ನಿಂತ ಗದ್ದೆಗೆ 1, ಹಲವು ಸಲ ಆರಿಸಿದ್ದಕ್ಕೆ 0.55. ಕೊಂಕಣದಲ್ಲಿ ಉಳಿತಾಯ ತೋರಿಸಲು ಹೊರಟರೆ ಕಾಗದದ ಮೇಲೂ ಏನೂ ಸಿಗುವುದಿಲ್ಲ.

ಲಾಭ ಇರುವುದು ನಾಲೆ ನೀರಿನ ಗದ್ದೆಯಲ್ಲಿ, ಗಂಗಾವತಿ, ಸಿಂಧನೂರಿನ ಕಡೆ. ಸದಾ ನೀರು ನಿಂತ ಗದ್ದೆಗೆ ದಕ್ಷಿಣ ಏಷ್ಯಾದ ಸರಾಸರಿ ಹೆಕ್ಟೇರಿಗೆ ದಿನಕ್ಕೆ 0.85 ಕಿಲೋ ಮೀಥೇನ್, ಬೆಳೆಯ 112 ದಿನಕ್ಕೆ 95 ಕಿಲೋ. ಹಲವು ಸಲ ಆರಿಸಿದರೆ 52. ಒಂದು ಕಿಲೋ ಮೀಥೇನ್ ತಾಪದ ಲೆಕ್ಕದಲ್ಲಿ 28 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ಹಾಗಾಗಿ ಉಳಿತಾಯವಾದ 43 ಕಿಲೋವನ್ನು 28ರಿಂದ ಗುಣಿಸಿದರೆ ಹೆಕ್ಟೇರಿಗೆ ಸುಮಾರು 1.2 ಟನ್. ಇದರಲ್ಲಿ ಸ್ವಲ್ಪವನ್ನು, ಆರಿದ ಮಣ್ಣಿನಿಂದ ಹೆಚ್ಚುವ ನೈಟ್ರಸ್ ಆಕ್ಸೈಡ್ ತಿಂದುಹಾಕುತ್ತದೆ, ಅದನ್ನೂ ಕಳೆಯಿರಿ. ನಾಲೆಯ ಕೊನೆಯ ರೈತ ಮಾತ್ರ ಗದ್ದೆ ಆರಿಸಲು ಒಪ್ಪುವುದಿಲ್ಲ. ಮುಂದಿನ ಸರದಿಯ ನೀರು ಬರುತ್ತದೆ ಎಂಬ ಭರವಸೆ ಅವನಿಗಿಲ್ಲ. ದೇಶದ ಕ್ರಮವನ್ನು ಅಳೆಯುವುದಾದರೆ ಪೈಪು ಹಂಚಿದ್ದನ್ನು ಎಣಿಸಬೇಡಿ, ನಾಲೆಯ ಸರದಿ ಸರಿಹೋಯಿತೇ ಎಂದು ನೋಡಿ.

ಬದಲಾಗುವ ಹವಾಮಾನಕ್ಕೆ ಹೊಂದಿಕೊಳ್ಳುವ ಕ್ರಮಗಳಿಗೂ ಇದೇ ಮಾತು. ಮಹಾರಾಷ್ಟ್ರದ ಕೃಷಿ ಹೊಂಡಗಳ ಸಂಖ್ಯೆ ಕೊಟ್ಟಿದ್ದೀರಿ. ಹೊಂಡ ತುಂಬಿದ್ದು ಹರಿದುಬಂದ ಮಳೆನೀರಿನಿಂದಲೋ, ಕೊಳವೆಬಾವಿಯಿಂದ ಎತ್ತಿ ಪ್ಲಾಸ್ಟಿಕ್ ಹಾಸಿನ ಮೇಲೆ ಸುರಿದ ನೀರಿನಿಂದಲೋ? ಎರಡನೆಯದಾದರೆ ನೆಲದಡಿ ತಣ್ಣಗಿದ್ದ ನೀರು ಬಿಸಿಲಿಗೆ ಆವಿಯಾಗುತ್ತದೆ, ಪಕ್ಕದವರ ಬಾವಿ ಬತ್ತುತ್ತದೆ. ಸೌರ ಪಂಪಿಗೂ ಹಾಗೆಯೇ: ಡೀಸೆಲ್ ಉಳಿಯುತ್ತದೆ, ಆದರೆ ನೀರೆತ್ತಲು ಖರ್ಚಿಲ್ಲವೆಂದು ಪಂಪು ಹಗಲಿಡೀ ಓಡುತ್ತದೆ. ಕಬ್ಬಿನ ಎಥನಾಲ್‌ನಿಂದ ಹೆಸರು ಬರುವುದು ಇಂಧನದ ಖಾತೆಗೆ, ನೀರು ಹೋಗುವುದು ಹೊಲದ್ದು.

ಹಣದ ಬಗ್ಗೆ ಒಂದೇ ಸೂಚನೆ. ಬಜೆಟ್ ದಿನದ ಅಂಕಿಯೊಂದನ್ನೇ ನೆಚ್ಚಬೇಡಿ. ಅದೇ ದಾಖಲೆಯಲ್ಲಿ ಪರಿಷ್ಕೃತ ಅಂದಾಜು, ಎರಡು ವರ್ಷ ಹಿಂದಿನ ವಾಸ್ತವ ವೆಚ್ಚ ಎಂಬ ಕಲಂಗಳಿವೆ. ಒಂದೇ ವರ್ಷದ ಮೂರೂ ಅಂಕಿಗಳನ್ನು ಬೇರೆ ಬೇರೆ ವರ್ಷಗಳ ದಾಖಲೆಗಳಿಂದ ಹೆಕ್ಕಿ ಸಾಲಾಗಿ ಇಡಿ.

ಭಾಷೆಗೆ ಬಂದರೆ, ‘ಅಗತ್ಯತೆ’ ಬೇಡ, ‘ಅಗತ್ಯ’ ಸಾಕು. ‘ಉಪಶಮನ’ ಎಂದರೆ ಓದುಗರಿಗೆ ಕಷಾಯ ನೆನಪಾಗುತ್ತದೆ, ‘ತಗ್ಗಿಸುವುದು’ ಎನ್ನಿ. ಹೊಲದಿಂದ ಬರುವುದನ್ನೆಲ್ಲ ‘ಇಂಗಾಲ’ ಎಂದು ಕರೆಯಬೇಡಿ. ಬಹುಪಾಲು ಮೀಥೇನ್, ನೈಟ್ರಸ್ ಆಕ್ಸೈಡ್, ಅವನ್ನು ಹೆಸರು ಹಿಡಿದೇ ಕರೆಯಿರಿ.

ಎಂಟು ಯೋಜನೆಗಳಲ್ಲಿ ಆರನ್ನು ಬಿಡಿ. ಯೂರಿಯಾ, ಭತ್ತ ಎರಡನ್ನೇ ಹಿಡಿದು, ಹೇಳಿದ್ದೇನು, ಖರ್ಚಾದದ್ದೆಷ್ಟು, ಹೊಲದಲ್ಲಿ ಬದಲಾದದ್ದೇನು ಎಂಬ ಕ್ರಮದಲ್ಲಿ 1,500 ಪದಗಳಲ್ಲಿ ಬರೆದು ಕಳಿಸಿ. ಬರೆಯುವ ಮುಂಚೆ ಒಂದು ದಿನ ಪುಣೆ ಪಕ್ಕದ ಮಾವಳ ಕಡೆ ಹೋಗಿ ಇಂದ್ರಾಯಣಿ ಭತ್ತದ ಗದ್ದೆ ನೋಡಿ ಬನ್ನಿ. ಅಲ್ಲಿ ನೀರು ಎಲ್ಲಿಂದ ಬರುತ್ತದೆ, ಯಾರು ಬಿಡುತ್ತಾರೆ, ಎಕರೆಗೆ ಎಷ್ಟು ಚೀಲ ಯೂರಿಯಾ, ಯಾವ ಯಾವ ದಿನ ಎಂದು ಕೇಳಿ ಬರೆದುಕೊಳ್ಳಿ. ಅಂಕದ ಸಾಲನ್ನು ಸದ್ಯಕ್ಕೆ ಖಾಲಿ ಬಿಡಿ.