ಕಟ್ ಹೊಡೆದು ಹೋಗುವವರಿಗೆ ರಸ್ತೆಯಲ್ಲೇ ಬುದ್ಧಿ ಕಲಿಸುವುದು ಹೇಗೆ?

ಕಲಿಸಬೇಡಿ. ಸುಮ್ಮನೆ ಬಿಟ್ಟರೆ ಹೇಡಿತನ ಅನ್ನಿಸುತ್ತೆ, ಡ್ಯಾಶ್‌ಕ್ಯಾಮ್ ಹಾಕಿಸಲಾ ಅಂತ ಬೇರೆ ಕೇಳಿದ್ದೀರಿ. ನಾನು ಹಾಕಿಸಿದ್ದೆ. ಏನಾಯಿತು ಕೇಳಿ.

ಆರು ವರ್ಷದ ಹಿಂದಿನ ಮಾತು. ಹೆದ್ದಾರಿ, ಸಂಜೆ, ಹಿಂದಿನ ಸೀಟಿನಲ್ಲಿ 12 ವರ್ಷದ ಮಗಳು. ಬಿಳಿ ಕಾರೊಂದು ಪಕ್ಕದಿಂದ ನುಗ್ಗಿ ನನ್ನ ಬಂಪರ್ ಸವರಿಕೊಂಡಂತೆ ಅಡ್ಡ ಹೋಯಿತು. ಇಂಡಿಕೇಟರೂ ಇಲ್ಲ, ಹಾರ್ನೂ ಇಲ್ಲ. ಒಂದು ಗೀರೂ ಬೀಳಲಿಲ್ಲ ಅನ್ನಿ. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ಹೈ ಬೀಮ್ ಹಾಕಿಕೊಂಡು ಬೆನ್ನು ಹತ್ತಿದೆ. ಎರಡು ಕಿಲೋಮೀಟರ್ ಆದಮೇಲೆ ಅವನನ್ನು ಓವರ್‌ಟೇಕ್ ಮಾಡಿ, ಮುಂದೆ ಬಂದು ಬ್ರೇಕ್ ಮೇಲೆ ಕಾಲಿಟ್ಟೆ.

ಈ ಬ್ರೇಕಿನ ವಿಷಯ ಬಿಡಿಸಿ ಹೇಳಲೇಬೇಕು. ‘ನಾನೇನು ಜೋರಾಗಿ ತುಳಿಯಲಿಲ್ಲ, ದೀಪ ಹತ್ತಲಿ ಅಂತ ಮುಟ್ಟಿದೆ ಅಷ್ಟೆ’ ಅಂತ ಎಷ್ಟೋ ಜನರ ಹತ್ತಿರ ವಾದ ಮಾಡಿದ್ದೇನೆ. ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಮುಂದಿನವನ ಕೆಂಪು ದೀಪ ಕಣ್ಣಿಗೆ ಬಿದ್ದು, ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕಿಗೆ ಬರುವುದಕ್ಕೇ ಸುಮಾರು ಒಂದು ಸೆಕೆಂಡು ಬೇಕು. ನಾನು ಅವನಿಗೆ ಉಳಿಸಿದ್ದು ಎರಡು ಕಾರಿನಷ್ಟು ಜಾಗ, ಹೆಚ್ಚೆಂದರೆ 9 ಮೀಟರ್. ಅಷ್ಟು ಹತ್ತಿರದಲ್ಲಿ ಮುಟ್ಟಿದ್ದೋ ತುಳಿದದ್ದೋ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಗಾಬರಿಯಲ್ಲಿ ಪೂರ್ತಿ ತುಳಿದ. ಅವನ ಕಾರೇನೋ ನಿಂತಿತು. ಅವನ ಹಿಂದೆ ಒಂದು ಬೈಕ್ ಇತ್ತು. ಆ ಹುಡುಗನಿಗೆ ನನ್ನ ದೀಪ ಕಾಣುವಂತೆಯೇ ಇರಲಿಲ್ಲ, ಕಾಣುತ್ತಿದ್ದದ್ದು ಬಿಳಿ ಕಾರಿನ ಬೆನ್ನು ಮಾತ್ರ.

ಸದ್ದು ಕೇಳಿ ಕನ್ನಡಿ ನೋಡಿದೆ. ಬೈಕ್ ಮಗ್ಗುಲಾಗಿ ಬಿದ್ದಿತ್ತು, ಹಿಂದಿನ ಚಕ್ರ ಇನ್ನೂ ಸುತ್ತುತ್ತಲೇ ಇತ್ತು.

ತೊಡೆಮೂಳೆ ಎರಡು ಕಡೆ ಮುರಿದಿತ್ತು. ಅವನು ಊರುಗೋಲಿಲ್ಲದೆ ನಡೆಯಲು ಎಂಟು ತಿಂಗಳು ಹಿಡಿಯಿತು. ನಾನು ಪಾಠ ಕಲಿಸಲು ಹೊರಟಿದ್ದ ಮಹಾಶಯ? ನಾನು ಇಳಿದು ಓಡಿ ಬರುವಷ್ಟರಲ್ಲಿ ಜಾಗ ಖಾಲಿ ಮಾಡಿದ್ದ.

ಇನ್ನು ಕ್ಯಾಮೆರಾ. ಅದು ಮುಂದಕ್ಕೆ ಮುಖ ಮಾಡಿದ್ದರಿಂದ ಅಪಘಾತ ಅದರಲ್ಲಿ ಇಲ್ಲವೇ ಇಲ್ಲ. ಇದ್ದದ್ದು ನಾನು ಬೆನ್ನಟ್ಟಿದ್ದು, ಮತ್ತೆ ನನ್ನ ದನಿ: ‘ತಡಿ ಮಗನೆ, ತೋರಿಸ್ತೀನಿ.’ ಅದರ ಹಿಂದೆಯೇ ಮಗಳದು: ‘ಅಪ್ಪಾ, ಬೇಡ.’ ನಮ್ಮ ವಕೀಲರು ಅದನ್ನು ಒಂದೇ ಸಲ ಕೇಳಿ ಫೋನನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟರು. ಹಾಕಿಸುವುದಾದರೆ ಧಾರಾಳವಾಗಿ ಹಾಕಿಸಿ, ನಿಮ್ಮ ಬಾಯಿಗೂ ಅದು ಸಾಕ್ಷಿ ಅನ್ನುವುದು ಗೊತ್ತಿರಲಿ.

ಹೇಡಿತನ ಅಂದಿರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಅಷ್ಟೆಲ್ಲ ನುಗ್ಗಿ ಅವನು ಗಳಿಸುವುದಾದರೂ ಏನು? 10 ಕಿ.ಮೀ. ದಾರಿಯನ್ನು 60ರ ಬದಲು 80ರಲ್ಲಿ ಓಡಿಸಿದರೆ ಎರಡೂವರೆ ನಿಮಿಷ. ಕೊಟ್ಟುಬಿಡಿ ಅವನಿಗೆ. ಹಿಂದಿನಿಂದ ದೀಪ ಮಿನುಗಿಸಿದರೆ ಪಕ್ಕಕ್ಕೆ ಸರಿದು ದಾರಿ ಬಿಡಿ, ಹೋಗುವಾಗ ಅವನ ಮುಖ ನೋಡಬೇಡಿ. ಸಿಗ್ನಲ್‌ನಲ್ಲಿ ಬಂದು ಗಾಜು ಬಡಿದರೆ ಇಳಿಸಬೇಡಿ. ಹಿಂಬಾಲಿಸಿಕೊಂಡೇ ಬಂದನೋ, ಮನೆ ಕಡೆ ತಿರುಗಬೇಡಿ, ನೇರ ಪೊಲೀಸ್ ಸ್ಟೇಷನ್ನಿಗೆ ಗಾಡಿ ಬಿಡಿ.

ಮಗಳು ಈಗ ಕಾರು ಕಲಿಯುತ್ತಿದ್ದಾಳೆ. ಪಕ್ಕದಲ್ಲಿ ನಾನು ಕೂರುವುದು ಬೇಡವಂತೆ.