ಮೂರನೇ ಸಂಬಳದೊಳಗೆ ಯಾಕೆ ಬಿಟ್ಟುಹೋಗುತ್ತಾರೆ?

ಪತ್ರ: ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಪ್ಯಾಕಿಂಗ್ ಘಟಕವಿದೆ, 120 ಜನ ಕೆಲಸಗಾರರು. ತರಬೇತಿ ಮುಗಿಸಿದ ಹತ್ತು ಹುಡುಗರನ್ನು ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಿಂದ ಸೇರಿಸಿಕೊಂಡೆ. ಎರಡೇ ತಿಂಗಳಲ್ಲಿ ಏಳು ಜನ ಹೇಳದೆ ಕೇಳದೆ ಹೋದರು. ಆದಿವಾಸಿಗಳಿಗೆ ಕಾರ್ಖಾನೆ ಕೆಲಸ ಒಗ್ಗುವುದಿಲ್ಲವೇ? ಆಸ್ಟ್ರೇಲಿಯಾದಲ್ಲಿ ಗುತ್ತಿಗೆದಾರರಿಗೇ ಷರತ್ತು ಹಾಕಿ ಮೂಲನಿವಾಸಿಗಳಿಗೆ ಕೆಲಸ ಕೊಡಿಸುತ್ತಾರಂತೆ. ನಮ್ಮಲ್ಲೂ ಆ ಕಾನೂನು ಬರಬಾರದೇ?
— ಓದುಗರೊಬ್ಬರು, ನಂಜನಗೂಡು

ಸಂಪಾದಕರ ಉತ್ತರ:

ಒಗ್ಗುವುದಿಲ್ಲ ಎನ್ನುವ ಮಾತನ್ನು ಮೊದಲು ಬದಿಗಿಡಿ. ಕೊಡಗಿನ ಕಾಫಿ ತೋಟಗಳು ನಿಂತಿರುವುದೇ ಯರವರು, ಜೇನುಕುರುಬರು, ಪಣಿಯರಂಥವರ ದುಡಿಮೆಯ ಮೇಲೆ. ದುಡಿಮೆ ಅವರಿಗೆ ಹೊಸದಲ್ಲ. ಹೊಸದು ನಿಮ್ಮ ಸಂಬಳದ ಲೆಕ್ಕ. ಏಳು ಜನ ಯಾವ ತಾರೀಕಿನಲ್ಲಿ ಹೋದರು ಎಂದು ಹಾಜರಿ ಪುಸ್ತಕ ತೆಗೆದು ನೋಡಿ. ಮೊದಲ ಸಂಬಳಕ್ಕೆ ಮುಂಚೆ ಹೋದವರು, ಅದು ಬಂದ ವಾರದಲ್ಲಿ ಹೋದವರು, ಹೀಗೆ ಎರಡು ಗುಂಪು ಕಂಡರೆ ಕಾರಣವೂ ಎರಡು.

ಮೊದಲ ಗುಂಪಿನದು ಕಾಯುವ ಕಷ್ಟ. ತೋಟದಲ್ಲಿ ವಾರಕ್ಕೊಮ್ಮೆ ಬಟವಾಡೆ. ನಿಮ್ಮಲ್ಲಿ 3ನೇ ತಾರೀಕು ಸೇರಿದವನು ಮುಂದಿನ ತಿಂಗಳ 7ರವರೆಗೆ ಕಾಯಬೇಕು. ಆ ಐದು ವಾರ ರೂಮಿನ ಬಾಡಿಗೆ, ಊಟ, ಬಸ್ಸಿನ ಖರ್ಚು ಎಲ್ಲಿಂದ ಬರಬೇಕು? ಸಾಲ ಹುಟ್ಟುವುದು ತೋಟದ ಮೇಸ್ತ್ರಿಯ ಹತ್ತಿರ, ಅವನು ಕೊಟ್ಟರೆ ತೋಟಕ್ಕೇ ಹಿಂತಿರುಗಬೇಕು. ಆದ್ದರಿಂದ ಮೊದಲ ಮೂರು ತಿಂಗಳು ದುಡಿದ ಕೂಲಿಯನ್ನು ವಾರವಾರ ಕೊಡಿ. ಸಂಬಳದ ಅವಧಿ ಒಂದು ತಿಂಗಳನ್ನು ಮೀರಬಾರದು ಎಂದಷ್ಟೇ ಕಾನೂನು ಹೇಳುತ್ತದೆ. ವಾರಕ್ಕೊಮ್ಮೆ ಕೊಡಲು ಯಾವ ಅಡ್ಡಿಯೂ ಇಲ್ಲ, ನಿಮ್ಮ ಲೆಕ್ಕಿಗರ ಗೊಣಗಾಟ ಬಿಟ್ಟರೆ.

ಎರಡನೇ ಗುಂಪಿನದು ಬ್ಯಾಂಕಿನ ಗೋಜಲು, ಇದನ್ನು ಹೆಚ್ಚಿನ ಮಾಲೀಕರು ಗಮನಿಸುವುದೇ ಇಲ್ಲ. ಪೂರ್ತಿ ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ, ಇಲ್ಲದೆ ತೆರೆದ ಖಾತೆ ಬ್ಯಾಂಕಿನ ಲೆಕ್ಕದಲ್ಲಿ ‘ಸಣ್ಣ ಖಾತೆ’. ಅದರಿಂದ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ, ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ. ನೀವು 13,000 ಹಾಕಿದರೆ 3,000 ಒಳಗೇ ಉಳಿಯುತ್ತದೆ, ಎಂಟನೇ ತಿಂಗಳಿಗೆ ಜಮಾ ಆಗುವುದೂ ನಿಲ್ಲುತ್ತದೆ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆಯೇ ನಿಷ್ಕ್ರಿಯ. ಇದರ ಜತೆಗೆ ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಹುಟ್ಟಿದ ದಿನ ಅಂದಾಜಿನ ಜನವರಿ 1. ಹೆಸರು, ತಾರೀಕು ತಾಳೆಯಾಗದಿದ್ದರೆ ಪಿಎಫ್ ಹಣ ಕೆಲಸ ಬಿಟ್ಟ ಮೇಲೆ ಕೈಗೆ ಸಿಗುವುದಿಲ್ಲ. ಆಗ ಹಾಡಿಯಲ್ಲಿ ‘ಕಂಪನಿಯವರು ದುಡ್ಡು ಮುರಿದುಕೊಂಡರು’ ಎಂಬ ಮಾತು ಹರಡುತ್ತದೆ. ಆ ಹಾಡಿಯಿಂದ ಇನ್ನೊಬ್ಬ ನಿಮ್ಮ ಗೇಟಿನ ಹತ್ತಿರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಸೇರಿಸಿಕೊಂಡ ಮೊದಲ ವಾರದಲ್ಲೇ ನಿಮ್ಮ ಕಚೇರಿಯವರೊಬ್ಬರು ಅವರೊಂದಿಗೆ ಬ್ಯಾಂಕಿಗೆ ಹೋಗಿ ಪೂರ್ಣ ಕೆವೈಸಿ ಮಾಡಿಸಲಿ, ಆಧಾರ್ ತಿದ್ದುಪಡಿ ಮುಗಿಸಲಿ. ಅರ್ಧ ದಿನದ ಕೂಲಿ ಕಡಿಯಬೇಡಿ.

ತೋಟದಲ್ಲಿ ಪಡೆದ ಮುಂಗಡ ತೀರದೆ ಉಳಿದಿದೆ ಎಂದು ಯಾರಾದರೂ ಹೇಳಿದರೆ ಹುಷಾರಾಗಿರಿ. ಕರುಣೆ ತೋರಿಸಲು ಹೋಗಿ ಆ ಸಾಲವನ್ನು ನೀವು ತೀರಿಸಿ ಸಂಬಳದಲ್ಲಿ ಮುರಿದುಕೊಳ್ಳತೊಡಗಿದರೆ, ಹುಡುಗ ತೋಟದಿಂದ ಬಿಡಿಸಿಕೊಂಡು ನಿಮಗೆ ಕಟ್ಟುಬಿದ್ದ ಹಾಗೆ. ದುಡಿಮೆಗೆ ಕಟ್ಟಿಹಾಕುವ ಸಾಲವನ್ನು ತೀರಿಸಬೇಕಾದ ಹೊಣೆಯನ್ನೇ 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ರದ್ದು ಮಾಡಿದೆ. ಅಂಥ ಸುಳಿವು ಸಿಕ್ಕರೆ ತಹಶೀಲ್ದಾರರಿಗೆ ತಿಳಿಸುವುದೇ ಸರಿಯಾದ ದಾರಿ.

ಇನ್ನು ಹತ್ತು ಹುಡುಗರನ್ನು ಹತ್ತು ಲೈನಿಗೆ ಹಂಚಿದ್ದೀರಾ? ಬೇಗ ಬೆರೆಯಲಿ ಎಂದು ಹಲವರು ಹಾಗೆ ಮಾಡುತ್ತಾರೆ. ಆಗುವುದು ತದ್ವಿರುದ್ಧ. ಒಂದೇ ಹಾಡಿಯ ಅಥವಾ ಅಕ್ಕಪಕ್ಕದ ಹಾಡಿಗಳ ನಾಲ್ಕೈದು ಜನ ಒಂದೇ ಪಾಳಿಯಲ್ಲಿರಲಿ, ಒಂದೇ ಕಡೆ ಉಳಿಯಲಿ. ಅವರ ಮೇಲಿನ ಸೂಪರ್‌ವೈಸರ್ ಯಾರೆಂದು ನೀವೇ ಆರಿಸಿ. ‘ಏನೋ ಕಾಡಿನವನೇ’ ಎಂಬುದು ಅವನಿಗೆ ತಮಾಷೆ. ನಾಲ್ಕು ಜನರೆದುರು ಜಾತಿ ಎತ್ತಿ ಅವಮಾನಿಸಿದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ರಜೆಯ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳಿ. ಮಳೆಗೆ ಮುಂಚಿನ ಜೇನಿನ ಕಾಲ, ಊರ ಹಬ್ಬ, ಸಾವು, ಇವಕ್ಕೆ ಅವರು ಹೋಗಿಯೇ ಹೋಗುತ್ತಾರೆ. ಅರಣ್ಯ ಹಕ್ಕು ಕಾಯ್ದೆ ಜೇನನ್ನು ಅವರ ಹಕ್ಕು ಎಂದು ಮಾನ್ಯ ಮಾಡಿದೆ. ಎರಡು ವಾರದ ಸಂಬಳರಹಿತ ರಜೆಯನ್ನು ಪಾಳಿಪಟ್ಟಿಯಲ್ಲೇ ಬರೆದಿಟ್ಟರೆ ‘ಹೇಳದೆ ಹೋದ’ ಎನ್ನುವ ಪ್ರಶ್ನೆ ಬಹುಮಟ್ಟಿಗೆ ಬರುವುದಿಲ್ಲ. ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ಈ ಸಮುದಾಯಗಳಲ್ಲಿ ಇದೆ. ಕಾಯಿಲೆ ಇದ್ದವರಿಗೆ ನೀರಡಿಕೆ, ವಿಪರೀತ ಸೆಕೆ ಅಥವಾ ಚಳಿಯಿಂದ ಮೈಕೈ ತಡೆಯಲಾರದ ನೋವು ಬರುತ್ತದೆ. ಸೋಮಾರಿತನ ಎಂದು ಬಗೆಯುವ ಮೊದಲು ಇಎಸ್‌ಐ ಆಸ್ಪತ್ರೆಗೆ ಕಳಿಸಿ. ಕೆಲಸ ಕೊಡುವ ಮುಂಚೆ ರಕ್ತಪರೀಕ್ಷೆ ಕೇಳುವುದು ಮಾತ್ರ ಬೇಡವೇ ಬೇಡ.

ಆಸ್ಟ್ರೇಲಿಯಾದ ಮಾತಿಗೆ ಬರೋಣ. ಅಲ್ಲಿನ ಕೇಂದ್ರ ಸರ್ಕಾರದ ಖರೀದಿ ನೀತಿ 2015ರ ಜುಲೈನಲ್ಲಿ ಶುರುವಾಯಿತು. ನಿಗದಿತ ಉದ್ಯಮಗಳಲ್ಲಿ 75 ಲಕ್ಷ ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ಗುತ್ತಿಗೆ ಹಿಡಿದವರು ಮೂಲನಿವಾಸಿಗಳನ್ನು ಕೆಲಸಕ್ಕೆ ಸೇರಿಸಬೇಕು, ಇಲ್ಲವೇ ಅವರ ಸಂಸ್ಥೆಗಳಿಂದ ಕೊಳ್ಳಬೇಕು. ಅಲ್ಲೂ ಬೇನಾಮಿ ಹುಟ್ಟಿತು: ಹೆಸರು ಮೂಲನಿವಾಸಿಯದು, ಲಾಭ ಬೇರೆಯವರದು. ಹಾಗಾಗಿಯೇ ಮೂಲನಿವಾಸಿಗಳ ಸಂಸ್ಥೆ ಎನಿಸಿಕೊಳ್ಳಲು ಅವರ ಅರ್ಧ ಮಾಲೀಕತ್ವ ಸಾಕು ಎಂದಿದ್ದ ನಿಯಮವನ್ನು, 2026ರ ಜುಲೈ 1ರಿಂದ ಕನಿಷ್ಠ ಶೇ. 51ರಷ್ಟು ಮಾಲೀಕತ್ವ ಅಥವಾ ನಿಯಂತ್ರಣ ಬೇಕೆಂದು ಬಿಗಿಗೊಳಿಸಲು ಸರ್ಕಾರ ನಿರ್ಧರಿಸಿತು.

ಕರ್ನಾಟಕದಲ್ಲಿ ಅದಕ್ಕೆ ಹತ್ತಿರದ ಕಾನೂನು ಇಲ್ಲದೇ ಇಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಶೇ. 6.95 ಮೀಸಲು ಇದೆ. ಮೊದಲು 50 ಲಕ್ಷದವರೆಗಿನ ಕಾಮಗಾರಿಗಳಿಗೆ ಇದ್ದದ್ದು 2023ರಲ್ಲಿ ಒಂದು ಕೋಟಿಗೆ ಏರಿತು. ಆದರೆ ಮೀಸಲು ಮಾಲೀಕನಿಗೆ ಮಾತ್ರ, ಸೈಟಿನಲ್ಲಿ ಯಾರು ದುಡಿಯುತ್ತಾರೆ ಎಂದು ಅದು ಕೇಳುವುದಿಲ್ಲ. ಇನ್ನೊಂದು ತೊಡಕೂ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಜೇನುಕುರುಬರು ಸುಮಾರು 36 ಸಾವಿರ, ಕೊರಗರು 15 ಸಾವಿರದೊಳಗೆ. ‘ಎಸ್‌ಟಿ’ ಎಂಬ ಒಂದೇ ಕಾಲಮಿನಲ್ಲಿ ಎಣಿಸಿದರೆ, ಹಾಡಿಯಿಂದ ಒಬ್ಬನೂ ಬಾರದೆ ಗುರಿ ಮುಟ್ಟಿಬಿಡುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಹೊಸ ಕಾನೂನಿಗಿಂತ ಮೊದಲು ಈ ಕಾಲಮನ್ನು ಒಡೆದು ಸಮುದಾಯವಾರು ಎಣಿಸಬೇಕು. ಜತೆಗೆ ಯಾವ ಕೆಲಸ ಎಂಬುದನ್ನೂ ಎಣಿಸಬೇಕು. ಕರಾವಳಿಯ ಕೊರಗರಿಗೆ ಪೌರಕಾರ್ಮಿಕರ ಕೆಲಸ, ಕಬಿನಿಯ ರೆಸಾರ್ಟುಗಳಲ್ಲಿ ಆದಿವಾಸಿಗಳಿಗೆ ತೋಟ ಗುಡಿಸುವ ಕೆಲಸ ಸಿಕ್ಕರೆ ಪಾಲು ಹೆಚ್ಚಾಯಿತು ಎಂದು ಬೀಗುವಂಥದ್ದೇನೂ ಇಲ್ಲ.

ನಿಮ್ಮ ಕೈಯಲ್ಲೇ ಇರುವ ದಾರಿ ಅಪ್ರೆಂಟಿಸ್‌ಶಿಪ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ. 30 ಅಥವಾ ಹೆಚ್ಚು ಕೆಲಸಗಾರರಿರುವ ಘಟಕ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 120 ಜನರಿಗೆ ಕನಿಷ್ಠ 3, ಗರಿಷ್ಠ 18. ಐದನೇ ತರಗತಿ ಓದಿದವರಿಗೂ ಅವಕಾಶವಿದೆ, ಆದ್ದರಿಂದ ಲೇಬಲ್ ಓದಿ ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಎಸ್‌ಎಸ್‌ಎಲ್‌ಸಿ ಕೇಳಬೇಡಿ. ಒಂದು ಗಂಟೆ ಕೆಲಸ ಮಾಡಿಸಿ ನೋಡಿ. 2019ರ ನಿಯಮದಲ್ಲಿ ಐದರಿಂದ ಒಂಬತ್ತನೇ ತರಗತಿಯವರೆಗೆ ಓದಿದವರ ಕನಿಷ್ಠ ಸ್ಟೈಪೆಂಡ್ 5,000 ರೂಪಾಯಿ, ಕೇಂದ್ರದ ಯೋಜನೆಯಲ್ಲಿ ಸರ್ಕಾರದ ಪಾಲು ಸ್ಟೈಪೆಂಡಿನ ಕಾಲುಭಾಗ, 1,500 ಮೀರದಂತೆ. ಊರು ಬಿಟ್ಟು ಬಂದವನು 5,000ದಲ್ಲಿ ಬದುಕಲಾರ, ಮೇಲಿನದ್ದನ್ನು ನೀವೇ ಸೇರಿಸಬೇಕಾಗುತ್ತದೆ. ಅಪ್ರೆಂಟಿಸ್‌ಗೆ ಪಿಎಫ್, ಇಎಸ್‌ಐ ಅನ್ವಯಿಸದು. ಹಾಗಾಗಿ ತರಬೇತಿ ಮುಗಿದ ದಿನವೇ ಕಾಯಂ ಮಾಡುವ ಮಾತನ್ನು ಕರಾರಿನಲ್ಲಿ ಬರೆಯಿರಿ. ಉಳಿದಿರುವ ಮೂವರನ್ನು ಕೂರಿಸಿಕೊಂಡು ಈ ಕರಾರನ್ನು ತಯಾರಿಸಿ. ಹೋದ ಏಳು ಜನರ ಬಾಕಿ ಸಂಬಳ ಉಳಿದಿದ್ದರೆ ಅದನ್ನು ಈ ವಾರವೇ ಅವರ ಖಾತೆಗೆ ಹಾಕಿ, ಆಮೇಲೆ ಅವರನ್ನು ಮತ್ತೆ ಕರೆಯಿರಿ.